ಒರೆಗೂ ಓರೆಗೂ ಒಂದು ದೀರ್ಘದ ಅಂತರ

ಈಗ ಆಫೀಸಲ್ಲಿ ಯಾರೂ ಓರೆಗಣ್ಣಲ್ಲಿ ನೋಡಲ್ಲ, ‘ಸೈಡ್ ಐ’ ಕೊಡ್ತಾರೆ. ಮೀಟಿಂಗಲ್ಲಿ ಒಬ್ಬ ‘ನಾಳೆ ಸಂಜೆಗೆ ಮುಗಿಸ್ತೀನಿ’ ಅಂದ ಕೂಡಲೇ ಪಕ್ಕದವರ ಕಣ್ಣು ಮೆಲ್ಲಗೆ ಹೊರಳುತ್ತಲ್ಲ, ಅದು. ಮೆರಿಯಂ-ವೆಬ್‌ಸ್ಟರ್ ನಿಘಂಟು 2017ರಲ್ಲಿ ಈ ಪದವನ್ನು ಸೇರಿಸಿಕೊಂಡಿತು. ಕನ್ನಡದಲ್ಲಿ ಇದಕ್ಕೆ ಪದ ಎಲ್ಲಿದೆ ಅಂತ ಕೇಳುವವರಿದ್ದಾರೆ. ಕೈತುಂಬ ಇವೆ. ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬುವುದೇ ತೊಂದರೆ.

ಕುಡಿನೋಟ ಪ್ರೀತಿಯದು. ಸಂಸ್ಕೃತದ ಕಟಾಕ್ಷವೂ ಮೂಲದಲ್ಲಿ ಕಡೆಗಣ್ಣಿನ ನೋಟವೇ. ದೇವರದ್ದೋ ಮಂತ್ರಿಯದ್ದೋ ಆದರೆ ಕೃಪೆ. ನಮ್ಮದೇ ಕಡೆಗಣ್ಣು ಕ್ರಿಯಾಪದವಾಗಿ ‘ಕಡೆಗಣಿಸು’ ಆಯಿತು, ಅಂದರೆ ನೆಟ್ಟಗೆ ನೋಡುವಷ್ಟೂ ಬೆಲೆ ಇಲ್ಲ. ಓರೆಗಣ್ಣಿಗೆ ಎರಡು ಮುಖ. ಸಿನಿಮಾ ಹಾಡಲ್ಲಿ ನಾಯಕಿಯ ನಾಚಿಕೆ, ಬೀದಿಯಲ್ಲಿ ಅನುಮಾನ.

ಈ ಅನುಮಾನದ ತೂಕ ತಿಳಿಯಬೇಕಾದರೆ ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿ ಚಾಂಪಿಯನ್ ರೀಫ್ಸ್ ಕಡೆ ಹೋಗಬೇಕು. ಅಲ್ಲಿ ತಮಿಳು, ತೆಲುಗು, ಕನ್ನಡ ಒಂದೇ ಬೀದಿಯಲ್ಲಿ ಓಡಾಡುತ್ತವೆ. ತಮಿಳಿನಲ್ಲಿ ಓರಕ್ಕಣ್, ತೆಲುಗಿನಲ್ಲಿ ಓರಚೂಪು, ನಮ್ಮಲ್ಲಿ ಓರೆಗಣ್ಣು. ಯಾರು ಯಾರನ್ನು ಹಾಗೆ ನೋಡಿದರೂ ಅರ್ಥ ಹೇಳಿಕೊಡಬೇಕಾಗಿಲ್ಲ.

ಇದೇ ಚಿನ್ನದ ಊರಿನಲ್ಲಿ ಇನ್ನೊಂದು ಪದವೂ ನೆನಪಾಗಬೇಕು: ಒರೆಗಲ್ಲು. ಪತ್ರಿಕೆಗಳಲ್ಲಿ, ಭಾಷಣಗಳಲ್ಲಿ ‘ಓರೆಗೆ ಹಚ್ಚಿ ನೋಡಬೇಕು’ ಅಂತ ಧಾರಾಳವಾಗಿ ಬರುತ್ತೆ. ಅದು ‘ಒರೆಗೆ ಹಚ್ಚು’. ಒರೆ ಅಂದರೆ ಉಜ್ಜುವುದು, ಓರೆ ಅಂದರೆ ವಾಲಿರುವುದು. ಅಕ್ಕಸಾಲಿಗ ಚಿನ್ನವನ್ನು ಕಪ್ಪು ಕಲ್ಲಿಗೆ ಉಜ್ಜಿ, ಬಿದ್ದ ಗೆರೆಯನ್ನು ಶುದ್ಧತೆ ಗೊತ್ತಿರುವ ಚಿನ್ನದ ಗೆರೆಯ ಪಕ್ಕದಲ್ಲಿಟ್ಟು, ಆಮ್ಲದ ಹನಿ ಬಿಟ್ಟು ನೋಡುತ್ತಾನೆ. ಮುಟ್ಟುತ್ತಾನೆ, ಹೋಲಿಸುತ್ತಾನೆ, ಆಮೇಲೆ ತೀರ್ಪು ಕೊಡುತ್ತಾನೆ. ಓರೆಗಣ್ಣಿಗೆ ಈ ಯಾವ ತಾಪತ್ರಯವೂ ಇಲ್ಲ. ಅದು ದೂರದಿಂದಲೇ ತೀರ್ಪು ಮುಗಿಸಿರುತ್ತೆ. ಬರೀ ಕಾಗುಣಿತದ ತಪ್ಪು ಬಿಡಿ ಅನ್ನೋಣವೆಂದರೆ, ಪರೀಕ್ಷೆಗೂ ಪೂರ್ವಗ್ರಹಕ್ಕೂ ನಡುವೆ ಇರುವುದು ಆ ಒಂದು ದೀರ್ಘವೇ.

ಕೋಲಾರದ ಗಣಿಗಳಲ್ಲಿ ಎರಡೂ ಇದ್ದವು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆ ಚಿನ್ನಕ್ಕೆ ಪ್ರಯೋಗಾಲಯ ಸಿಕ್ಕಿತು, ತೆಗೆದವನಿಗೆ ಓರೆಗಣ್ಣು ಸಿಕ್ಕಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ಅಷ್ಟು ಕೆಳಗಿನ ಕಾವಿನಲ್ಲಿ ಬಂಡೆ ಕೊರೆದು ಮೇಲೆ ಬಂದವನಿಗೆ ಮೊದಲು ಎದುರಾಗುತ್ತಿದ್ದದ್ದು ಝಡ್ತಿ. ಮೈಯಲ್ಲಿ ಅದಿರಿನ ಚೂರೇನಾದರೂ ಇದೆಯಾ ಅಂತ. 1930ರಲ್ಲಿ ಕಾರ್ಮಿಕರು ಬೆರಳಚ್ಚು ಪದ್ಧತಿಯ ವಿರುದ್ಧ ಕೆಲಸ ನಿಲ್ಲಿಸಿದರು. ಅದನ್ನು ಕೂಲಿಯ ಲೆಕ್ಕದಲ್ಲಿ ಮಾತ್ರ ಓದಿದರೆ ಸಾಲದು. ಏನೂ ಕದಿಯದವನನ್ನು ಕಳ್ಳನ ಪಟ್ಟಿಯಂತೆ ದಾಖಲಿಸಿಕೊಳ್ಳುವುದು ನೋವಿನ ವಿಷಯ.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅಲ್ಲಿನ ಜನ ಈಗ ಬೆಳಗಾಗುವ ಮೊದಲೇ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಬರುತ್ತಾರೆ. 2018ರ ಸಿನಿಮಾ ಆದಮೇಲಂತೂ ಊರಿನ ಹೆಸರು ಹೇಳಿದರೆ ಕೇಳುವವನ ಕಣ್ಣಿನ ಮುಂದೆ ಬಂದೂಕು, ಮಸಿ, ರಕ್ತ. ಸಿನಿಮಾ ಕಟ್ಟುಕತೆ ಅಂತ ಅವನಿಗೂ ಗೊತ್ತು. ಕಣ್ಣು ಮಾತ್ರ ಓರೆಯಾಗಿಬಿಟ್ಟಿರುತ್ತೆ.

ಅದಕ್ಕೇ ‘ಸೈಡ್ ಐ’ ಮತ್ತು ಓರೆಗಣ್ಣು ಒಂದೇ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಮೊದಲನೆಯದು ಸರೀಕರ ತಮಾಷೆ. ಇವತ್ತು ನೀವು ಕೊಟ್ಟರೆ ನಾಳೆ ಅವರು ಕೊಡ್ತಾರೆ. ಎರಡನೆಯದು ಹೆಚ್ಚಾಗಿ ಮೇಲಿನಿಂದ ಕೆಳಕ್ಕೇ ಹರಿಯುತ್ತೆ. ಗೇಟಿನಲ್ಲಿ ಮನೆಕೆಲಸದಾಕೆಯ ಚೀಲ ತೆರೆಸುವ ಅಪಾರ್ಟ್‌ಮೆಂಟಿನದು ಓರೆಗಣ್ಣು. ಮನೆಯಿಂದ ಕೆಲಸ ಮಾಡುವವರ ಮೌಸ್ ಅಲುಗಿತಾ ಅಂತ ಎಣಿಸುವ ಸಾಫ್ಟ್‌ವೇರಿನದೂ ಅದೇ. ಬರೆದ ಕೋಡನ್ನು ರಿವ್ಯೂ ಮಾಡುವುದು ಒರೆ, ಬರೆದವರ ಕುರ್ಚಿ ಕಾಯುವುದು ಓರೆ.

ಬರೆಯುವಾಗ ಒಂದು ಕ್ಷಣ ನಿಂತು ಆ ದೀರ್ಘ ಬೇಕಾ ಅಂತ ಕೇಳಿಕೊಳ್ಳಿ. ನೋಡುವಾಗಲೂ.