ಬೆನ್ನು ತಿರುಗಿಸಿ ನಿಂತ ಮನುಷ್ಯ: ಭೂಪೇನ್ ಖಖ್ಖರರ ಚಿತ್ರಗಳಲ್ಲಿ ಪುರುಷದೇಹ

ಭೂಪೇನ್ ಖಖ್ಖರರು (1934–2003) 1981ರಲ್ಲಿ ರಚಿಸಿದ ‘ಯು ಕಾಂಟ್ ಪ್ಲೀಸ್ ಆಲ್’ ಎಂಬ ತೈಲಚಿತ್ರವು ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಅದರಲ್ಲಿ ಒಬ್ಬ ಮನುಷ್ಯನು ಬಾಲ್ಕನಿಯಲ್ಲಿ ಬೆತ್ತಲೆಯಾಗಿ, ನಮಗೆ ಬೆನ್ನು ತಿರುಗಿಸಿ ನಿಂತಿದ್ದಾನೆ. ಕೆಳಗೆ ಹರಡಿರುವ ಊರಿನಲ್ಲಿ ನಾವೆಲ್ಲರೂ ಎಳವೆಯಲ್ಲಿ ಕೇಳಿದ ತಂದೆ, ಮಗ ಮತ್ತು ಕತ್ತೆಯ ಕಥೆ ನಡೆದಿದೆ. ನಿಂತಿರುವವನು ಚಿತ್ರಕಾರನೇ. ತಾನು ಪುರುಷರನ್ನು ಪ್ರೀತಿಸುವವನೆಂದು ಆತನು ಬಹಿರಂಗವಾಗಿ ಒಪ್ಪಿಕೊಂಡ ಕೃತಿಯೆಂದು ವಿಮರ್ಶಕರು ಇದನ್ನು ಓದುತ್ತ ಬಂದಿದ್ದಾರೆ. ಹಾಗಿದ್ದರೂ ಇದರಲ್ಲಿ ಘೋಷಣೆಯ ದನಿಯಿಲ್ಲ. ಲೋಕದ ಮಾತಿಗೆ ತಲೆಬಾಗಿ ಕತ್ತೆಯನ್ನೇ ಹೊತ್ತವರನ್ನು ಒಬ್ಬನು ಮೌನವಾಗಿ ನೋಡುತ್ತಿದ್ದಾನೆ, ಅಷ್ಟೇ.

ಇದು ಎಂತಹ ದೇಹ? ಗ್ರೀಕ್ ಮಲ್ಲನದಲ್ಲ, ಕ್ಯಾಲೆಂಡರಿನ ವೀರನದೂ ಅಲ್ಲ. ಖಖ್ಖರರು ವೃತ್ತಿಯಿಂದ ಚಾರ್ಟರ್ಡ್ ಅಕೌಂಟೆಂಟ್. ಅವರ ಗಂಡಸರೂ ಕಚೇರಿಯಿಂದ ಮನೆಗೆ ಬಂದವರಂತೆ ಮೆತ್ತಗಿನ, ಸಂಕೋಚದ, ನಡುವಯಸ್ಸಿನ ಜನ. 1982ರ ‘ಟೂ ಮೆನ್ ಇನ್ ಬನಾರಸ್’ನಲ್ಲಿ ಇಬ್ಬರು ಬೆತ್ತಲೆ ಪುರುಷರು ಅಪ್ಪಿಕೊಂಡಿದ್ದಾರೆ, ಪಕ್ಕದಲ್ಲಿಯೇ ಸಾಧುಗಳೂ ಭಕ್ತರೂ ಚಿಕ್ಕ ಚಿಕ್ಕ ಆಕೃತಿಗಳಾಗಿ ತಮ್ಮ ನಿತ್ಯಕರ್ಮದಲ್ಲಿ ತೊಡಗಿದ್ದಾರೆ. ಭಾರತ ದಂಡಸಂಹಿತೆಯ 377ನೆಯ ಕಲಮು ಇಂತಹ ಸಂಬಂಧವನ್ನು ಅಪರಾಧವೆಂದು ಎಣಿಸುತ್ತಿದ್ದ ಕಾಲವದು. ಪವಿತ್ರವಾದುದನ್ನು ಕೆಣಕುವುದು ಚಿತ್ರಕಾರನ ಉದ್ದೇಶವೆಂದು ನಮಗೆ ತೋರುವುದಿಲ್ಲ. ಪ್ರಾರ್ಥನೆಯೂ ಆಲಿಂಗನವೂ ಒಂದೇ ಊರಿನಲ್ಲಿ ನಡೆಯುತ್ತವೆಂಬ ಸಾಮಾನ್ಯ ಸಂಗತಿಯನ್ನು ಆತನು ಮುಚ್ಚಿಡಲಿಲ್ಲ.

ಮುಚ್ಚುವ ಅಭ್ಯಾಸ ನಮ್ಮದು. ನೋಹನ ಇಬ್ಬರು ಮಕ್ಕಳು ಹೆಗಲ ಮೇಲೆ ಬಟ್ಟೆ ಹಾಕಿಕೊಂಡು ಹಿಂಹಿಂದಕ್ಕೆ ನಡೆದು ತಂದೆಯ ಬೆತ್ತಲೆಯನ್ನು ಮುಚ್ಚಿದರು. ಸಭೆಯು ಪುರುಷದೇಹದ ಬಳಿಗೆ ಬಹುಮಟ್ಟಿಗೆ ಹೀಗೆಯೇ ಬಂದಿದೆ. ಮೈಕೆಲ್ಯಾಂಜೆಲೊ ಕೆತ್ತಿದ ಪುನರುತ್ಥಾನಗೊಂಡ ಕ್ರಿಸ್ತನು ಸಂಪೂರ್ಣ ಬೆತ್ತಲೆಯಾಗಿದ್ದನು. ರೋಮಿನ ಸಾಂತಾ ಮರಿಯಾ ಸೋಪ್ರಾ ಮಿನರ್ವಾ ದೇವಾಲಯದಲ್ಲಿ ಆತನ ಸೊಂಟಕ್ಕೆ ಅನಂತರ ಕಂಚಿನ ವಸ್ತ್ರ ತೊಡಿಸಿದರು. ವಾಕ್ಯವು ನರಾವತಾರವೆತ್ತಿತೆಂದು ಪ್ರತಿ ಕ್ರಿಸ್ಮಸ್‌ನಲ್ಲಿ ಸಾರುವ ನಾವು, ಆ ನರದೇಹ ಎಲ್ಲಿಯವರೆಗೆ ನರದೇಹವೆಂದು ಕೇಳುವ ಧೈರ್ಯ ಮಾಡುವುದಿಲ್ಲ.

ಕೊನೆಯ ವರ್ಷಗಳಲ್ಲಿ ಖಖ್ಖರರು ಪ್ರಾಸ್ಟೇಟ್ ಕ್ಯಾನ್ಸರಿನಿಂದ ನರಳುತ್ತ, ಗಾಯಗೊಂಡು ಒಡೆದ ದೇಹಗಳನ್ನು ಚಿತ್ರಿಸಿದರು. 2001ರ ‘ಬುಲೆಟ್ ಶಾಟ್ ಇನ್ ದ ಸ್ಟಮಕ್’ ಅವುಗಳಲ್ಲೊಂದು. ಇಂತಹ ಚಿತ್ರಗಳ ಮುಂದೆ ನಮಗೆ ಮಾತು ಸುಲಭವಾಗಿ ಬರುತ್ತದೆ: ಶ್ರಮೆ, ಶಿಲುಬೆ, ಯೆಶಾಯನ ಬಾಧೆಪಡುವ ಸೇವಕ. ಆಸ್ಪತ್ರೆಯ ಹಾಸಿಗೆಯ ಬಳಿ ನಿಲ್ಲಲು ನಾವು ತರಬೇತಿ ಪಡೆದಿದ್ದೇವೆ. ಆದರೆ ಹಾಸಿಗೆಯಲ್ಲಿ ನರಳುವ ದೇಹವೂ ಬನಾರಸಿನಲ್ಲಿ ಅಪ್ಪಿಕೊಂಡ ದೇಹವೂ ಒಂದೇ. ಬಯಸುವಾಗ ದೂರವಿಟ್ಟವನನ್ನು ಸಾಯುವಾಗ ಮಾತ್ರ ಸಂಧಿಸುವ ಪಾಲನೆಯನ್ನು ಪಾಲನೆಯೆನ್ನಲು ನಮಗೆ ಸಂಕೋಚವಾಗುತ್ತದೆ.

ಇಷ್ಟು ಹೇಳಿದ ಮೇಲೆ ಒಂದು ತಕರಾರನ್ನೂ ಹೇಳಬೇಕು. 1987ರ ‘ಯಯಾತಿ’ಯಲ್ಲಿ ಮಲಗಿದ ವೃದ್ಧನ ಬಳಿಗೆ ರೆಕ್ಕೆಯುಳ್ಳ ಯುವಕನು ದೇವದೂತನಂತೆ ಇಳಿದುಬಂದು ಅವನಿಗೆ ಜೀವಕಳೆ ತುಂಬುತ್ತಾನೆ. ಮುಪ್ಪಿನ ಒಂಟಿತನವನ್ನು ಬಲ್ಲವರಿಗೆ ಈ ಚಿತ್ರ ಮನ ಕರಗಿಸುವಂಥದು. ಆದರೂ ಇದನ್ನು ನೋಡುವ ಕನ್ನಡಿಗನಿಗೆ ಗಿರೀಶ ಕಾರ್ನಾಡರ 1961ರ ‘ಯಯಾತಿ’ ನೆನಪಾಗದೆ ಇರದು. ತಂದೆ ಪಡೆದ ಯೌವನದ ಬೆಲೆಯನ್ನು ಅಲ್ಲಿ ಪೂರುವಿನ ನವವಧು ಚಿತ್ರಲೇಖೆ ವಿಷ ಕುಡಿದು ತೆರುತ್ತಾಳೆ. ಖಖ್ಖರರ ಚಿತ್ರದಲ್ಲಿ ಅವಳಿಗೆ ಸ್ಥಳವಿಲ್ಲ. ಯುವಕನಿಗೆ ರೆಕ್ಕೆ ಕೊಟ್ಟೊಡನೆ, ಅವನು ಕೊಡುತ್ತಿರುವುದು ಅವನದೇ ಆಯುಷ್ಯವೆಂಬುದು ಮರೆಯಾಗುತ್ತದೆ. ಹಿರಿಯರ ಬಯಕೆಗೂ ಕಿರಿಯರ ವಿಧೇಯತೆಗೂ ನಡುವಿನ ಅಂತರವನ್ನು ದೇವದೂತನ ರೆಕ್ಕೆಯಿಂದ ಮುಚ್ಚಬಾರದು. ಇದನ್ನು ಸಭಾಪಾಲಕರಾದ ನಾವು ಇತರರಿಗಿಂತ ಮೊದಲು ಅರಿತಿರಬೇಕು. ನಮ್ಮ ಗ್ರಂಥದಲ್ಲಿಯೂ ಇಂತಹ ಒಂದು ಹಾಸಿಗೆಯಿದೆ. ಅರಸುಗಳ ಮೊದಲನೆಯ ಪುಸ್ತಕದ ಆರಂಭದಲ್ಲಿ ಮುದಿ ದಾವೀದನ ಮೈ ಎಷ್ಟು ಹೊದಿಸಿದರೂ ಬೆಚ್ಚಗಾಗುವುದಿಲ್ಲ. ಸೇವಕರು ದೇಶವನ್ನೆಲ್ಲ ಹುಡುಕಿ ಶೂನೇಮಿನ ಅಬೀಷಗ್ ಎಂಬ ಹುಡುಗಿಯನ್ನು ಕರೆತರುತ್ತಾರೆ. ದಾವೀದನ ಮುಪ್ಪಿನ ಮೇಲೆ ನಾವು ಪ್ರಸಂಗ ಮಾಡಿದ್ದೇವೆ. ಅಬೀಷಗಳು ಆ ಅಧ್ಯಾಯದಲ್ಲಿ ಒಂದು ಮಾತನ್ನೂ ಆಡುವುದಿಲ್ಲ.