ಇನ್‌ಕಲ್ಚರೇಶನ್: ಪದದ ಬೇರು, ಅನುವಾದದ ತೊಡಕು

ಬಲಿಪೂಜೆಯಲ್ಲಿ ಆರತಿ ಎತ್ತಿದಾಗ, ದೀಪಸ್ತಂಭ ಬೆಳಗಿದಾಗ ‘ಇದು ಇನ್‌ಕಲ್ಚರೇಶನ್’ ಎಂಬ ಮಾತನ್ನು ನೀವು ಕೇಳಿರಬಹುದು. ಆರತಿ, ಅಂಜಲಿ ಮುದ್ರೆ ಮೊದಲಾದ 12 ಅಂಶಗಳಿಗೆ ರೋಮ್ ಒಪ್ಪಿಗೆಯಿತ್ತದ್ದು 1969ರಲ್ಲಿ. ಪದವಾದರೋ ಅನಂತರ ವ್ಯಾಪಕ ಬಳಕೆಗೆ ಬಂತು: 1978ರಲ್ಲಿ ಯೇಸುಸಭೆಯ ಮುಖ್ಯಸ್ಥ ಪೆದ್ರೊ ಅರುಪೆ ಅದರ ಬಗೆಗೆ ಪತ್ರ ಬರೆದರು, ಮರುವರ್ಷ ಜಗದ್ಗುರು ಎರಡನೆಯ ಜಾನ್ ಪೌಲರು ತಮ್ಮ ಧರ್ಮೋಪದೇಶ ಕುರಿತ ಪ್ರಬೋಧನೆಯಲ್ಲಿ ಬಳಸಿದರು. (‘ಜಗದ್ಗುರು’ ಎಂಬುದೂ ನಾವು ಈ ನೆಲದಿಂದ ಪಡೆದದ್ದೇ!)

ಲ್ಯಾಟಿನ್ನಿನ ‘ಕೊಲೆರೆ’ ಎಂಬ ಕ್ರಿಯಾಪದಕ್ಕೆ ಉಳು, ನೆಲೆಸು, ಆರಾಧಿಸು ಎಂಬ ಮೂರೂ ಅರ್ಥಗಳುಂಟು. ಉಳುಮೆಯನ್ನು ಹೇಳುವ ‘ಕುಲ್ತೂರಾ’, ಆರಾಧನೆಯನ್ನು ಹೇಳುವ ‘ಕುಲ್ತುಸ್’ ಎರಡೂ ಅದರ ಮಕ್ಕಳು. ಮುಂದಿನ ‘ಇನ್’ ಎಂದರೆ ಒಳಕ್ಕೆ. ದೇವವಾಕ್ಯವು ಮಾಂಸವಾದುದನ್ನು ಹೇಳುವ ‘ಇನ್‌ಕಾರ್ನೇಶನ್’ ಪದದ ಪ್ರತಿಧ್ವನಿಯೂ ಇಲ್ಲಿದೆ. ಅಲ್ಲಿ ‘ಕಾರೊ’ ಎಂದರೆ ಮಾಂಸ.

ಇದನ್ನು ಕನ್ನಡಕ್ಕೆ ತರುವವರ ಕೈಗೆ ಮೊದಲು ಸಿಗುವುದು ‘ಸಂಸ್ಕೃತೀಕರಣ’. ನನ್ನ ತಕರಾರು ಇರುವುದು ಇಲ್ಲಿಯೇ. ಮೈಸೂರಿನ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು ಕೊಡಗರನ್ನು ಕುರಿತ 1952ರ ಗ್ರಂಥದಲ್ಲಿ ವಿವರಿಸಿದ ‘ಸ್ಯಾನ್ಸ್‌ಕ್ರಿಟೈಸೇಶನ್’ಗೂ ಕನ್ನಡದಲ್ಲಿ ಇದೇ ಹೆಸರು. ಕೆಳಗಿನ ಜಾತಿಯವರು ಮೇಲಿನವರ ಆಚಾರಗಳನ್ನು ಅನುಸರಿಸಿ ಮೇಲೇರಲು ಯತ್ನಿಸುವುದು ಅದರ ಅರ್ಥ. ಇದು ಕೇವಲ ಪದಕೋಶದ ಜಗಳವಲ್ಲ. ಭಾರತೀಯ ಕ್ರೈಸ್ತ ಚಿಂತನೆ ಬ್ರಾಹ್ಮಣ ಪರಂಪರೆಗೇ ಒಲಿಯಿತೆಂದು ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನ ಅರವಿಂದ ನಿರ್ಮಲ್ 1980ರ ದಶಕದಲ್ಲಿ ಆಕ್ಷೇಪಿಸಿದ್ದರು. ನಮ್ಮ ಅನುವಾದವು ಅರಿಯದೆಯೇ ಆ ಆಕ್ಷೇಪಕ್ಕೆ ಸಾಕ್ಷಿ ನುಡಿಯುತ್ತದೆ. ತಮಟೆಯೂ ಸೋಬಾನೆಯೂ ಸಂಸ್ಕೃತಿಯೇ ಅಲ್ಲವೇ?

ರಾಜಾಜಿನಗರ, ವಿಜಯನಗರ, ಕೆಂಗೇರಿಗಳಲ್ಲಿ ನೆಲೆಸಿರುವ ನಮಗೆ ದೂರ ಹೋಗಬೇಕಾಗಿಲ್ಲ. ನೆರೆಯ ಬಸವೇಶ್ವರನಗರದ ಹೆಸರಲ್ಲೇ ಒಂದು ಸುಳಿವಿದೆ. ಹನ್ನೆರಡನೆಯ ಶತಮಾನದ ಶರಣರು ಸಂಸ್ಕೃತವನ್ನು ಬಿಟ್ಟು ಆಡುಗನ್ನಡದಲ್ಲಿ ದೇವರೊಡನೆ ಮಾತಾಡಿದರು. ಅವರ ‘ಕಾಯಕ’ದಲ್ಲಿ ದುಡಿಮೆಯೂ ಆರಾಧನೆಯೂ ಒಂದಾದವು. ‘ಕೊಲೆರೆ’ಗೆ ಇಷ್ಟು ಹತ್ತಿರದ ಪದ ‘ಸಂಸ್ಕೃತಿ’ಯಂತೂ ಅಲ್ಲ. ಸಂಸ್ಕರಿಸಿದ್ದು, ಶುದ್ಧಗೊಳಿಸಿದ್ದು ಎಂಬ ಅರ್ಥಛಾಯೆಯ ಆ ಪದಕ್ಕೆ ಮಣ್ಣಿನ ವಾಸನೆ ಕಡಿಮೆ.

ಹಾಗೆಂದು ‘ಕಾಯಕೀಕರಣ’ ಎಂದು ಹೊಸೆದರೆ ನಗೆಪಾಟಲಾದೀತು. ನಾನಾದರೆ ‘ಬೇರೂರುವಿಕೆ’ ಎನ್ನುವೆ. ಶುಭಸಂದೇಶ ನೆಲವನ್ನೂ ಬದಲಿಸುತ್ತದೆ ಎಂಬುದನ್ನು ಈ ಪದ ಪೂರ್ತಿ ಹೇಳಲಾರದು, ನಿಜ. ಆದರೆ ಯಾರ ಹೊಲದಲ್ಲಿ ಎಂದು ಕೇಳಲು ಅದು ಎಡೆಗೊಡುತ್ತದೆ. ‘ಸಂಸ್ಕೃತೀಕರಣ’ ಆ ಪ್ರಶ್ನೆಗೆ ಮೊದಲೇ ಉತ್ತರ ಕೊಟ್ಟುಬಿಟ್ಟಿರುತ್ತದೆ.