ಹತ್ತರಿ ಹಿಡಿಯುವ ಮುನ್ನ ಬಿಜಾಗರಿ ನೋಡಿ

ಮಳೆಗಾಲದಲ್ಲಿ ಮರದ ಕಿಟಕಿಯ ಬಾಗಿಲು ಕೆಳಗಿನ ಚೌಕಟ್ಟಿಗೆ ತಗುಲಿ ಮುಚ್ಚದಾದರೆ ಸಿಗುವ ಸಿದ್ಧ ಉತ್ತರ ಒಂದೇ: ಮರ ಉಬ್ಬಿದೆ, ಹತ್ತರಿ ಹೊಡೆಸಿ. ಕೆಳಮೂಲೆ ತಗಲುವ ಕಿಟಕಿಯ ಮಟ್ಟಿಗೆ ಈ ಉತ್ತರ ಬಹುಪಾಲು ತಪ್ಪು. ತೇವ ಹೀರಿದ ಮರ ಹಿಗ್ಗುವುದು ಎಳೆಗೆ ಅಡ್ಡಲಾಗಿ. ಎಳೆಯ ಉದ್ದಕ್ಕೆ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಬಾಗಿಲಿನ ಎರಡೂ ಬದಿಯ ನಿಲುವು ಪಟ್ಟಿಗಳಲ್ಲಿ ಎಳೆ ಮೇಲಿಂದ ಕೆಳಕ್ಕೆ ಸಾಗುತ್ತದೆ. ಹಾಗಾಗಿ ಮಳೆಗೆ ಬಾಗಿಲು ಅಗಲವಾದೀತು, ಎತ್ತರವಾಗದು. ಬಿಜಾಗರಿಯಿಲ್ಲದ ಬದಿಯ ಕೆಳಮೂಲೆ ಮಾತ್ರ ಉಜ್ಜುತ್ತಿದ್ದು, ಮೇಲಿನ ಸಂದು ಅದೇ ಬದಿಗೆ ಹಿಗ್ಗುತ್ತ ಹೋಗಿದ್ದರೆ ಬಾಗಿಲು ಜೋತುಬಿದ್ದಿದೆ ಎಂದೇ ಅರ್ಥ.

ಜೋತುಬೀಳುವುದಕ್ಕೆ ಕಾರಣ ಸಾಮಾನ್ಯವಾಗಿ ಮೇಲಿನ ಬಿಜಾಗರಿ. ಬಾಗಿಲಿನ ಭಾರ ಕೆಳಗಿನ ಬಿಜಾಗರಿಯನ್ನು ಚೌಕಟ್ಟಿಗೆ ಒತ್ತುತ್ತದೆ, ಮೇಲಿನದನ್ನು ಚೌಕಟ್ಟಿನಿಂದ ಕೀಳುತ್ತದೆ. ಕೊಕ್ಕೆ ಹಾಕದೆ ಗಾಳಿಗೆ ಬಿಟ್ಟ ಬಾಗಿಲು ಬಡಿದಾಗಲೆಲ್ಲ ಮೇಲಿನ ಬಿಜಾಗರಿಯ ಸ್ಕ್ರೂಗಳ ತೂತು ಇನ್ನಷ್ಟು ಸಡಿಲ. ಬಿಜಾಗರಿಗಳ ನಡುವೆ 40 ಸೆಂ.ಮೀ. ಅಂತರವಿರುವ 60 ಸೆಂ.ಮೀ. ಅಗಲದ ಬಾಗಿಲಿನಲ್ಲಿ ಮೇಲಿನದು 2 ಮಿ.ಮೀ. ಕಿತ್ತು ಬಂದರೆ ಆಚೆಯ ಮೂಲೆ 3 ಮಿ.ಮೀ. ಇಳಿಯುತ್ತದೆ. ಅಗಲ ಹೆಚ್ಚಿದ, ಎತ್ತರ ಕಡಿಮೆಯಿರುವ ಬಾಗಿಲುಗಳೇ ಬೇಗ ಕೆಡುವುದು ಇದಕ್ಕೇ. ಬಿಜಾಗರಿ ಬಿಗಿಯಾಗಿದ್ದೂ ಮೂಲೆ ಇಳಿದಿದ್ದರೆ ಬಾಗಿಲಿನ ಎರಡೂ ಕರ್ಣಗಳನ್ನು ಟೇಪಿನಲ್ಲಿ ಅಳೆಯಿರಿ. ವ್ಯತ್ಯಾಸ ಕಂಡರೆ ಮೂಲೆಯ ಜೋಡಣೆಯೇ ಬಿಟ್ಟಿದೆ, ಅದು ಬಡಗಿಯ ಕೆಲಸ.

ಹತ್ತರಿ ಹೊಡೆಸಿದರೆ ಮುಚ್ಚುತ್ತದಲ್ಲ ಎನ್ನಬಹುದು. ಮುಚ್ಚುತ್ತದೆ, ನಿಜ. ಆದರೆ ಸಡಿಲವಾದ ತೂತು ಹಾಗೇ ಉಳಿದು ಮೂಲೆ ಮತ್ತೆ ಇಳಿಯುತ್ತದೆ; ಮುಂದೆ ಬಿಜಾಗರಿ ಸರಿಪಡಿಸಿದಾಗ ಹತ್ತರಿ ಹೊಡೆದ ಜಾಗದಲ್ಲಿ ಇರಚಲು ಒಳಬರುವಷ್ಟು ಸಂದು ನಿಲ್ಲುತ್ತದೆ. ಉದ್ದದ ಸ್ಕ್ರೂ ಸಾಲದೇ ಎಂಬ ಪ್ರಶ್ನೆಗೆ ಬಲವಿದೆ: ಹಿಂದೆ ಗಟ್ಟಿ ಮರವಿದ್ದರೆ ಸಾಕು. ಅದರ ತಲೆ ಮಾತ್ರ ದಪ್ಪವಾಗಬಾರದು, ದಪ್ಪವಾದರೆ ಬಿಜಾಗರಿಯ ಎಲೆಗಳು ಪೂರ್ತಿ ಮಡಚಿಕೊಳ್ಳವು. ಹೆಚ್ಚು ಬಾಳುವ ದಾರಿ ತೂತನ್ನೇ ತುಂಬುವುದು. ಮೂಲೆಯ ಕೆಳಗೆ ಬೆಣೆ ಕೊಟ್ಟು ಬಾಗಿಲನ್ನು ಮಟ್ಟಕ್ಕೆ ಎತ್ತಿ, ಸಡಿಲ ಸ್ಕ್ರೂ ಬಿಚ್ಚಿ, ತೇಗದ ಅಥವಾ ಬಿದಿರಿನ ಸೀಳನ್ನು ಮರದ ಗೋಂದಿನಲ್ಲಿ ಅದ್ದಿ ತೂತಿಗೆ ಬಡಿಯಿರಿ. ಒಂದು ರಾತ್ರಿ ಒಣಗಿದ ಮೇಲೆ ಹೆಚ್ಚಾದ ತುದಿ ಕತ್ತರಿಸಿ, ಸಣ್ಣ ತೂತು ಕೊರೆದು ಸ್ಕ್ರೂ ತಿರುಗಿಸಿ. ಸೀಳಿನ ಬದಲು ಬೆಂಕಿಕಡ್ಡಿ ತುರುಕಬೇಡಿ; ಅದು ಮೆದು ಮರ, ಹೆಚ್ಚು ಕಾಲ ಹಿಡಿಯದು. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಸರಳು ಒಳಗೆ, ಬಾಗಿಲು ಹೊರಕ್ಕೆ; ಕಳಚಿದ ಬಾಗಿಲು ಹೊರಗೇ ಬೀಳುತ್ತದೆ. ಮಹಡಿಯ ಕಿಟಕಿಯಾದರೆ ಮೊದಲ ಸ್ಕ್ರೂ ಬಿಚ್ಚುವ ಮುನ್ನ ಬಾಗಿಲನ್ನು ಹಗ್ಗದಿಂದ ಸರಳಿಗೆ ಕಟ್ಟಿ, ಕೆಳಗೆ ಯಾರೂ ನಿಲ್ಲದಂತೆ ನೋಡಿಕೊಳ್ಳಿ.